ನುಂಗಿದ ಬಿಣಗಾ

ಕಬ್ಬಿಣದ ಕಪಾಟಿನ ಎರಡೂ ಬಾಗಿಲು ತೆಗೆದು
ಹೆಂಡತಿಯ ಸೀರೆಗಳಿಗೆ ಮುಖ ಮಾಡಿ ಕೂತಿದ್ದೇನೆ.
ಬೆನ್ನಿಗೆ ಎರಡು ರಜಾಯಿ. ಫ್ಯಾನು ಬಂದ್.
ಸೀರೆ ದನಿಯನ್ನು ಹೀರುತ್ತದಂತೆ,
ಬರೀ ಗೋಡೆ ವಾಪಸ್ ಎಸೆಯುತ್ತದಂತೆ.
ಕೋಡಿಬಾಗದ ಮೇ ತಿಂಗಳು;
ಮೊಣಕೈಯ ಬೆವರು ಪುಸ್ತಕದ ಮೇಲೆ ತೊಟ್ಟಿಕ್ಕುತ್ತದೆ.
ಅದೂ ಕೇಳಿಸುತ್ತದಂತೆ.

ಇಪ್ಪತ್ತಾರು ವರ್ಷ ಅಂಕೋಲಾ ಲೋಕಲ್ಲಿನ ಕಂಡಕ್ಟರು ನಾನು.
ಇಂಜಿನ್ನಿನ ಮೇಲೆ, ಮೀನು ಬುಟ್ಟಿಗಳ ಜಗಳದ ಮೇಲೆ
ಹಿಂದಿನ ಸೀಟಿನ ನಿದ್ದೆಗೂ ಮುಟ್ಟಬೇಕಿದ್ದ ಗಂಟಲು.
ಮೊದಲ ದಿನ "ಅಧ್ಯಾಯ ಒಂದು" ಅಂದೆ.
ಪರದೆಯ ಪಟ್ಟಿ ಹಸಿರು ಹಾರಿ, ಹಳದಿ ಹಾರಿ,
ಕೆಂಪಿಗೆ ತಲೆ ಹೊಡಕೊಂಡು ಅಲ್ಲೇ ನಿಂತಿತು.

ಕೇಳಿ ತಿದ್ದುವವರು ಬಿಣಗಾದ ಶಾಂತೇರಿ ಅಕ್ಕ,
ಹುಟ್ಟಿದಂದಿನಿಂದ ಕಣ್ಣಿಲ್ಲ.
ಅವರ ಟಿಪ್ಪಣಿ ಮೊಬೈಲಿಗೆ ಬರುತ್ತದೆ:
ಎರಡನೇ ನಿಮಿಷ, ಯಾರಿಗೆ ಟಿಕೆಟ್ ಕೊಡುತ್ತಿದ್ದೀರಿ?
ಐದನೇ ನಿಮಿಷ, ಬಾವಿಗೆ ಬಿದ್ದಿರಿ.

ದನಿ ತಗ್ಗಿಸಿದೆ. ತಗ್ಗಿದ್ದು ಹೆಚ್ಚಾಯಿತು.
ಗುಂಡಿ ತಿರುಗಿಸಿ ಎತ್ತಿದೆ;
ನನ್ನ ಜೊತೆಗೆ ಫ್ರಿಜ್ಜೂ ಎದ್ದಿತು,
ಪಕ್ಕದ ಮನೆಯ ಕುಕ್ಕರೂ ಎದ್ದಿತು,
ಹೆದ್ದಾರಿಯ ಲಾರಿಗಳು ಒಂದೊಂದಾಗಿ
ಕತೆಯೊಳಗೆ ಬಂದು ಪಾರ್ಕ್ ಮಾಡಿದವು.

ಬಾಯಿಗೂ ಮೈಕಿಗೂ ಒಂದು ಗೇಣು, ಅಂದರು.
ಗುಟ್ಟು ಹೇಳುವಲ್ಲಿ ತುಸು ಹತ್ತಿರ.
ಕೂಗುವಲ್ಲಿ ಮುಖ ತಿರುಗಿಸಿ, ಸೀರೆಗೆ ಕೂಗಿ.
ಕತೆಯ ಹೆಂಗಸು ಹೊಳೆದಂಡೆಯಲ್ಲಿ "ಹೋಯ್!" ಅನ್ನುವಾಗ
ಮದುವೆಯ ಧಾರೆ ಸೀರೆಯೊಳಗೆ ಮೂಗಿಟ್ಟು ಕೂಗಿದೆ.
ಇವಳು ಅಡಿಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದಳು.
"ಎಂತ ಆಯ್ತು?"
ಅದೂ ರೆಕಾರ್ಡ್ ಆಗಿದೆ. ಹಸಿರಿನಲ್ಲೇ.

ಮಂಗಳವಾರ ಶಾಂತೇರಿ ಅಕ್ಕನೇ ಫೋನು ಮಾಡಿದರು.
"ಶುರು ಚಂದ. ಕೊನೆಕೊನೆಗೆ ಉಸಿರು ಮುಗಿದು
ಮಾತು ನೆಲಕ್ಕೆ ಇಳೀತದೆ.
ಕನ್ನಡದಲ್ಲಿ ಕೆಲಸ ಆಯ್ತೋ ಇಲ್ವೋ
ಗೊತ್ತಾಗೋದೇ ಕೊನೆಗಲ್ವ, ಮಾರಾಯ್ರೆ?
'ಅವನು ಆ ರಾತ್ರಿ ದೋಣಿಯಲ್ಲಿ ಬರ' ಅಂದು ಬಿಟ್ರಿ.
ಬರ, ಮುಂದೆ?
ಎರಡು ದಿವಸ ನಾನು ಅವನನ್ನು
ಜೀವಂತ ಇಟ್ಟುಕೊಂಡಿದ್ದೆ."

ಸ್ವಲ್ಪ ತಡೆದು,
"ಬಸ್ಸಲ್ಲೂ ನೀವು ಹಾಗೇ.
ಬೈತಖೋಲ ಅಂತ ಕೂಗ್ತಿದ್ರಿ, ಬಿಣಗಾ ನುಂಗ್ತಿದ್ರಿ.
ಒಂದು ಸಂಜೆ ಅರಗಾದಲ್ಲಿ ಇಳಿದುಬಿಟ್ಟೆ.
ಸಮುದ್ರವನ್ನು ಎಡಗಿವಿಗೆ ಇಟ್ಟುಕೊಂಡು
ವಾಪಸ್ ನಡೆದೆ."

ಬೈದದ್ದಲ್ಲ. ಚಿಲ್ಲರೆ ಲೆಕ್ಕ ಒಪ್ಪಿಸುವ ದನಿ,
ಏರಿಲ್ಲ, ಇಳಿದಿಲ್ಲ.
ಆ ಸಂಜೆ ನನಗೆ ನೆನಪಿಲ್ಲ.
ದಿನಕ್ಕೆ ನಾಲ್ಕು ಟ್ರಿಪ್ಪು, ವಾರಕ್ಕೆ ಆರು ದಿನ,
ಇಪ್ಪತ್ತಾರು ವರ್ಷ, ಅಷ್ಟು ಬಿಣಗಾ
ಲೆಕ್ಕ ಹಾಕತೊಡಗಿ ಬಿಟ್ಟುಬಿಟ್ಟೆ.

ರಾತ್ರಿ ಒಂದೂವರೆ. ಲಾರಿ ವಿರಳ.
ಫ್ರಿಜ್ಜಿನ ಪ್ಲಗ್ಗು ಕಿತ್ತೆ.
ಮೊದಲು ಹತ್ತು ಸೆಕೆಂಡ್ ಸುಮ್ಮನೆ ಕೂರಬೇಕು,
ಕೋಣೆಯ ಮೌನವೂ ಬೇಕಂತೆ ಅವರಿಗೆ.
ಕೂತೆ. ಗೆರೆ ಸೊನ್ನೆಗೆ ಇಳಿಯಲಿಲ್ಲ.
ತಳದಲ್ಲಿ ಏನೋ ಉಸಿರಾಡುತ್ತಲೇ ಇತ್ತು,
ಎರಡು ಬೀದಿ ಆಚೆಯ ಕಡಲು.
ಅಳಿಸುವ ಗುಂಡಿ ಇದೆ. ಒತ್ತಿದರೆ ನನ್ನ ಸಕಾರಗಳೂ ಹೋಗುತ್ತವೆ.
ಇರಲಿ ಬಿಡಿ, ಅಂದಿದ್ದರು ಅವರು,
ನಿಮಗಿಂತ ಕೆಳಗಿದ್ದರೆ ಸಾಕು.

ಗೇಣು ಅಳೆದೆ. ಉಸಿರು ಉಳಿಸಿಕೊಂಡು ಓದಿದೆ.
ಅವನು ಆ ರಾತ್ರಿ ದೋಣಿಯಲ್ಲಿ ಬರಲಿಲ್ಲ.
ಕೊನೆಯ ಲ್ಲ ದವರೆಗೂ ಪಟ್ಟಿ ಹಸಿರು.
ಅಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ
ಮುಂದಿನ ಸಾಲಿಗೆ ಹೋಗಲು
ನನಗೇ ತುಸು ಹೊತ್ತು ಬೇಕಾಯಿತು.

ಬೆಳಿಗ್ಗೆ ಹಾಲು ಒಡೆದಿತ್ತು.
ಪ್ಲಗ್ಗು ಹಾಕುವುದು ಮರೆತಿದ್ದೆ.